ಅಸೆಂಬ್ಲಿ ಕಲಿಯಲು ಯಾವ ಬೋರ್ಡ್? 8085, 6502, ಝಡ್80, 1802: ಒಂದು ಹೋಲಿಕೆ

ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್ ಚಿಪ್ಪಿನದೇ ಆದೇಶಗಳಲ್ಲಿ, ಒಂಬತ್ತು ಬೈಟ್‌ನ ಪುಟ್ಟ ಪ್ರೋಗ್ರಾಮ್ ಒಂದನ್ನು ಕಾಗದದ ಮೇಲೆ ಬರೆದಿದ್ದೀರಿ ಅಂದುಕೊಳ್ಳಿ. ಈಗ ಅದು ಬೋರ್ಡಿನ ಮೆಮೊರಿಯೊಳಗೆ ಹೋಗಬೇಕು. ಯಾವ ದಾರಿಯಲ್ಲಿ ಹೋಗುತ್ತದೆ?

ಒಂದು ಬೋರ್ಡಿನಲ್ಲಿ ಎಂಟು ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟನ್ನು ಒಳಗೆ ತಳ್ಳುತ್ತೀರಿ. ಇನ್ನೊಂದರಲ್ಲಿ ಕ್ಯಾಲ್ಕುಲೇಟರ್ ತರಹದ ಕೀಪ್ಯಾಡ್ ಒತ್ತುತ್ತೀರಿ. ಮತ್ತೊಂದರಲ್ಲಿ ಲ್ಯಾಪ್‌ಟಾಪ್‌ನಲ್ಲಿ ಬರೆದು, ಮೆಮೊರಿ ಚಿಪ್ಪನ್ನೇ ಕಿತ್ತು, ಅದರಲ್ಲಿ ತುಂಬಿ, ವಾಪಸ್ ಕೂರಿಸುತ್ತೀರಿ. ಕೊನೆಯದರಲ್ಲಿ ಯುಎಸ್‌ಬಿ ಕೇಬಲ್ ಹಾಕಿದರೆ ಮುಗಿಯಿತು.

8085, 6502ರಂಥ ಹಳೇ ಪ್ರೊಸೆಸರ್ ಚಿಪ್ ಇರುವ ಬೋರ್ಡ್ ತಗೊಳ್ಳಬೇಕು ಅಂತ ಇರುವವರು ಸಾಮಾನ್ಯವಾಗಿ ಕೇಳುವುದು "ಯಾವ ಚಿಪ್ ಒಳ್ಳೇದು?" ಅಂತ. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದದ್ದು ಅದಲ್ಲ. ಪ್ರೋಗ್ರಾಮ್ ಒಳಗೆ ಹೋಗುವ ದಾರಿ ಯಾವುದು ಅಂತ ಕೇಳಿ. ಆ ದಾರಿಯ ಮೇಲೆ ನೀವು ಏನು ಕಲಿಯುತ್ತೀರಿ, ಎಲ್ಲಿ ಸುಸ್ತಾಗುತ್ತೀರಿ, ಮೂರು ತಿಂಗಳಾದ ಮೇಲೂ ಬೋರ್ಡ್ ಮೇಜಿನ ಮೇಲೆ ಇರುತ್ತದಾ, ಅಟ್ಟ ಸೇರುತ್ತದಾ ಅನ್ನುವುದೆಲ್ಲ ನಿಂತಿದೆ.

8085 ಕಿಟ್: ಕೀಪ್ಯಾಡ್ ದಾರಿ

ನಮ್ಮ ಕಡೆ ಡಿಪ್ಲೊಮಾ, ಬಿಇ ಓದಿದವರಲ್ಲಿ ತುಂಬಾ ಜನರಿಗೆ ಇದು ಗೊತ್ತಿರುವ ಬೋರ್ಡ್. 1976ರಲ್ಲಿ ಇಂಟೆಲ್ 8085 ಚಿಪ್ ತಂದಿತು. ಅದರ ಜೊತೆಗೆ ಬಂದ ಎಸ್‌ಡಿಕೆ-85 ಅನ್ನುವ ಕಿಟ್ಟಿನ ಮಾದರಿಯಲ್ಲೇ ನಮ್ಮ ಕಾಲೇಜು ಲ್ಯಾಬ್‌ಗಳ ಕಿಟ್‌ಗಳೂ ಇವೆ. ಆರು ಅಂಕೆಗಳ ಕೆಂಪು ಡಿಸ್‌ಪ್ಲೇ, ನಾಲ್ಕು ವಿಳಾಸಕ್ಕೆ, ಎರಡು ಡೇಟಾಗೆ. ಪಕ್ಕದಲ್ಲಿ ಹೆಕ್ಸ್ ಕೀಪ್ಯಾಡ್ (ಹೆಕ್ಸ್ ಅಂದರೆ 0ರಿಂದ 9, ಆಮೇಲೆ ಎ ಇಂದ ಎಫ್ ತನಕ, ಹದಿನಾರರ ಎಣಿಕೆ). ರೀಸೆಟ್ ಒತ್ತಿದರೆ ಎಸ್‌ಡಿಕೆ-85 ತನ್ನ ಹೆಸರನ್ನೇ ತೋರಿಸುತ್ತದೆ: ಒಂದು ಗೆರೆ, ಆಮೇಲೆ 80 85.

ನಾನು ಇದರ ಮೇಲೆ ಕಲಿತೆ. ಮೊದಲ ಪ್ರೋಗ್ರಾಮ್ ಎಲ್ಲರದ್ದೂ ಒಂದೇ, ಎರಡು ಸಂಖ್ಯೆ ಕೂಡಿಸುವುದು:

3ಇ 08 06 04 80 32 50 20 76

3ಇ ಅಂದರೆ 'ಎ' ರಿಜಿಸ್ಟರಿಗೆ (ಚಿಪ್ಪಿನೊಳಗೇ ಇರುವ ಪುಟ್ಟ ಜಾಗ) ಮುಂದಿನ ಬೈಟ್ ಹಾಕು. 06 ಅಂದರೆ 'ಬಿ'ಗೆ ಹಾಕು. 80 ಅಂದರೆ ಎರಡನ್ನೂ ಕೂಡು. 32 ಅಂದರೆ ಉತ್ತರವನ್ನು ಮುಂದೆ ಬರುವ ವಿಳಾಸದಲ್ಲಿ ಇಡು. 76 ಅಂದರೆ ನಿಲ್ಲು. ರೀಸೆಟ್ ಒತ್ತಿ 2050 ವಿಳಾಸ ನೋಡಿದರೆ ಅಲ್ಲಿ 0ಸಿ ಇರುತ್ತದೆ. ಹೆಕ್ಸ್‌ನಲ್ಲಿ 12ನ್ನು ಬರೆಯುವುದು ಹೀಗೆ.

ಮೊದಲ ದಿನ ನನಗೆ 0ಸಿ ಬರಲಿಲ್ಲ. 2050ರಲ್ಲಿ ಏನೋ ಕಸ ಕೂತಿತ್ತು. ಮೂರು ಸಲ ಎಲ್ಲ ಬೈಟ್ ಮತ್ತೆ ಒತ್ತಿದೆ. ಅದೇ ಕಸ. ಸುಮಾರು ಒಂದು ಗಂಟೆ ಆದ ಮೇಲೆ ಲ್ಯಾಬ್ ಸಹಾಯಕರು ಬಂದು ನನ್ನ ನೋಟ್‌ಬುಕ್‌ನ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ನಾನು 32 ಆದ ಮೇಲೆ 20 50 ಅಂತ ಬರೆದಿದ್ದೆ. ಓದುವ ಕ್ರಮದಲ್ಲಿ, ಸಹಜವಾಗಿ. 8085ಗೆ ವಿಳಾಸದ ಕೆಳಗಿನ ಅರ್ಧ ಮೊದಲು ಬೇಕು: 50, ಆಮೇಲೆ 20. ನನ್ನ ಉತ್ತರ 5020ಕ್ಕೆ ಹೋಗಿತ್ತು, ಅಲ್ಲಿ ಮೆಮೊರಿಯೇ ಇರಲಿಲ್ಲ. ಆ ಒಂದು ಗಂಟೆ ಕಲಿಸಿದ್ದನ್ನು ಇವತ್ತಿನವರೆಗೂ ಮರೆತಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಆದೇಶಗಳನ್ನು ಬೈಟ್‌ಗಳಾಗಿ ಮಾಡಿಕೊಡುವ ಅಸೆಂಬ್ಲರ್ ಇದ್ದಿದ್ದರೆ ಅದೇ ಬೈಟ್‌ಗಳನ್ನು ಅದಲು ಬದಲು ಮಾಡಿ ಕೊಡುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ಸೊಗಸು ನೋಡಿ. ಅದೇ ಪ್ರೋಗ್ರಾಮಿನಲ್ಲಿ 80 ಆದ ಮೇಲೆ 27 ಅನ್ನುವ ಒಂದು ಬೈಟ್ ಸೇರಿಸಿ. ಉತ್ತರ 0ಸಿ ಬದಲು 12 ಅಂತಲೇ ಬರುತ್ತದೆ. ದಶಮಾಂಶ ಸರಿಪಡಿಸುವ ಆದೇಶ ಅದು. ಡಿಸ್‌ಪ್ಲೇ ಮೇಲೆ ನಿಮ್ಮ ಕಣ್ಣೆದುರೇ ಲೆಕ್ಕದ ಭಾಷೆ ಬದಲಾಗುತ್ತದೆ.

ಕೀಪ್ಯಾಡ್ ದಾರಿಯ ಗುಣ ಇದೇ. ಪ್ರತಿ ಬೈಟನ್ನೂ ನೀವೇ ಒತ್ತುವುದರಿಂದ ಪ್ರತಿ ಬೈಟಿಗೂ ಅರ್ಥ ಇರಲೇಬೇಕು. ನೋಟ್‌ಬುಕ್‌ನಲ್ಲಿ ವಿಳಾಸ, ಲೇಬಲ್, ಆದೇಶ, ಒಪ್‌ಕೋಡ್ (ಆದೇಶದ ಸಂಖ್ಯೆ) ಅಂತ ನಾಲ್ಕು ಕಾಲಂ ಎಳೆದು ಬರೆಯುವ ಅಭ್ಯಾಸ ಆಗುತ್ತದೆ. ಒಂದು ತಿಂಗಳಲ್ಲಿ ಇಪ್ಪತ್ತು ಮೂವತ್ತು ಒಪ್‌ಕೋಡ್ ಬಾಯಿಪಾಠ ಮಾಡದೆಯೇ ಬಾಯಿಗೆ ಬರುತ್ತವೆ.

ಕೊರತೆಯೂ ಇದೆ. ನೂರು ಬೈಟ್ ದಾಟಿದರೆ ಬೇಸರ ಶುರು. ನಡುವೆ ಒಂದು ಆದೇಶ ಸೇರಿಸಬೇಕು ಅಂದರೆ ಕೆಳಗಿನದ್ದೆಲ್ಲ ಮತ್ತೆ ಒತ್ತಬೇಕು, ಜಿಗಿತದ ವಿಳಾಸಗಳನ್ನೂ ತಿದ್ದಬೇಕು. ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಕಿಟ್‌ನಲ್ಲಿ ಎಲ್ಲ ಮಾಯ. ಮತ್ತೆ, ಬೋರ್ಡ್ ಪೂರ್ತಿ ಸಿದ್ಧವಾಗಿ ಬಂದಿರುತ್ತದೆ. ಚಿಪ್ ಮೆಮೊರಿಯ ಜೊತೆ ಹೇಗೆ ಮಾತಾಡುತ್ತದೆ ಅನ್ನುವುದು ಒಳಗೇ ಮುಚ್ಚಿಹೋಗಿರುತ್ತದೆ. ಪ್ರೋಗ್ರಾಮ್ ಕಲಿಯುತ್ತೀರಿ, ಕಂಪ್ಯೂಟರ್ ಅರ್ಧ ಕಲಿಯುತ್ತೀರಿ.

6502: ವೈರ್ ಎಳೆಯುವ ದಾರಿ

ಆ ಇನ್ನರ್ಧ ಬೇಕು ಅನ್ನುವವರಿಗೆ 6502. ಇದಕ್ಕೊಂದು ಕಥೆ ಇದೆ. ಇಂಟೆಲ್, ಮೋಟರೋಲಾ ಚಿಪ್‌ಗಳ ಬೆಲೆ ನೂರಾರು ಡಾಲರ್ ಇದ್ದ 1975ರಲ್ಲಿ ಚಕ್ ಪೆಡಲ್ ಮತ್ತು ಜೊತೆಗಾರರು ಇದನ್ನು 25 ಡಾಲರಿಗೆ ಮಾರಿದರು. ಆಪಲ್ 1 ಹುಟ್ಟಿದ್ದು ಇದರ ಮೇಲೆ. 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಒಳಗೂ ಇದೇ ಇತ್ತು. ಮತ್ತು ಈ ನಾಲ್ವರಲ್ಲಿ ಹೊಸದಾಗಿ ಖರೀದಿಸಲು ನೆಮ್ಮದಿ ಇರುವುದು ಇದರಲ್ಲೇ. ಅಮೆರಿಕದ ವೆಸ್ಟರ್ನ್ ಡಿಸೈನ್ ಸೆಂಟರ್ ಇದರ ಸಿಮಾಸ್ (ಕಡಿಮೆ ವಿದ್ಯುತ್ ಬಳಸುವ ಬಗೆ) ರೂಪವನ್ನು ಇವತ್ತಿಗೂ ಮಾರುತ್ತದೆ.

ಇದನ್ನು ಕಲಿಯುವ ಜನಪ್ರಿಯ ದಾರಿ ಬೆನ್ ಈಟರ್ ಯೂಟ್ಯೂಬ್‌ನಲ್ಲಿ ತೋರಿಸಿದ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಸಿಕ್ಕಿಸುವ ಹಲಗೆ) ಕಂಪ್ಯೂಟರ್. ಪ್ರೊಸೆಸರ್, 32 ಕಿಲೋಬೈಟ್ ಇಇಪ್ರೋಮ್ (ಕರೆಂಟ್ ಹೋದರೂ ಅಳಿಯದ ಮೆಮೊರಿ), ಒಂದು ರ‍್ಯಾಮ್, 65ಸಿ22 ಅನ್ನುವ ಇನ್‌ಪುಟ್ ಔಟ್‌ಪುಟ್ ಚಿಪ್, ಎರಡು ಸಾಲಿನ ಎಲ್‌ಸಿಡಿ. ಎಲ್ಲ ವೈರ್ ನೀವೇ ಎಳೆಯಬೇಕು.

ನನಗೆ ಇದರಲ್ಲಿ ಅತ್ಯಂತ ಇಷ್ಟವಾದದ್ದು ಮೊದಲ ಹಂತ. ಆಗ ಮೆಮೊರಿಯೇ ಇರುವುದಿಲ್ಲ. ಡೇಟಾದ ಎಂಟು ಪಿನ್‌ಗಳಿಗೆ ಎಂಟು ರೆಸಿಸ್ಟರ್ ಹಾಕಿ 11101010 ಅಂತ ಕಟ್ಟಿಬಿಡುತ್ತೀರಿ. ಅದು 'ಏನೂ ಮಾಡಬೇಡ, ಮುಂದೆ ಹೋಗು' ಅನ್ನುವ ಆದೇಶ. ಪ್ರೊಸೆಸರ್ ಯಾವ ವಿಳಾಸ ಕೇಳಿದರೂ ಇದೇ ಉತ್ತರ ಸಿಗುತ್ತದೆ. ವಿಳಾಸದ ಪಿನ್‌ಗಳಿಗೆ ಎಲ್‌ಇಡಿ ಹಾಕಿ ನೋಡಿದರೆ ಅದು ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋಗುತ್ತದೆ. ಪ್ರೋಗ್ರಾಮ್ ಕೌಂಟರ್ (ಮುಂದಿನ ಆದೇಶದ ವಿಳಾಸ ಇಟ್ಟುಕೊಳ್ಳುವ ಜಾಗ) ಅನ್ನುವ ಪದವನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಅದು ಉರಿಯುತ್ತಾ ನಡೆಯುವುದನ್ನು ನೋಡಿದ್ದು ಆಗಲೇ.

ಈ ಸಿಮಾಸ್ ಚಿಪ್ಪಿನ ಗಡಿಯಾರವನ್ನು, ಅಂದರೆ ಹೆಜ್ಜೆಹೆಜ್ಜೆಗೂ ತಾಳ ಹಾಕುವ ಸಿಗ್ನಲ್ಲನ್ನು, ಪೂರ್ತಿ ನಿಲ್ಲಿಸಬಹುದು. ಒಂದು ಬಟನ್ ಒತ್ತಿದರೆ ಒಂದು ಹೆಜ್ಜೆ. ಒಂದು ಸಂಜೆ ಇದೇ ನನ್ನನ್ನು ಕಾಪಾಡಿತು. ಪ್ರೋಗ್ರಾಮ್ ಸರಿಯಾಗಿ ಓಡುತ್ತಿತ್ತು, ಕೈ ಬೋರ್ಡಿನ ಹತ್ತಿರ ತಂದರೆ ಮಾತ್ರ ದಾರಿ ತಪ್ಪುತ್ತಿತ್ತು. ಬಟನ್ ಒತ್ತುತ್ತಾ ಹೋದೆ. ಒಂದು ಕಡೆ ವಿಳಾಸದ ಹದಿನಾರು ದೀಪಗಳಲ್ಲಿ ಕೊನೆಯ ನಾಲ್ಕು 1010, ಉಳಿದ ಹನ್ನೆರಡೂ ಉರಿಯುತ್ತಿದ್ದವು. ಅದು ತುರ್ತು ಇಂಟರಪ್ಟ್ (ನಡೆಯುವ ಕೆಲಸ ನಿಲ್ಲಿಸಿ ಇತ್ತ ನೋಡು ಅನ್ನುವ ಸಿಗ್ನಲ್) ಬಂದಾಗ ಪ್ರೊಸೆಸರ್ ಓದುವ ಜಾಗ. ನಾನು ಇಂಟರಪ್ಟ್ ಬಳಸಿಯೇ ಇರಲಿಲ್ಲ! ನೋಡಿದರೆ ಆ ಪಿನ್ನನ್ನು ಎಲ್ಲಿಗೂ ಕಟ್ಟದೆ ಹಾಗೇ ಬಿಟ್ಟಿದ್ದೆ. ಗಾಳಿಯಲ್ಲಿ ತೇಲುತ್ತಿದ್ದ ಪಿನ್ ನನ್ನ ಕೈಯನ್ನೇ ಸಿಗ್ನಲ್ ಅಂದುಕೊಂಡಿತ್ತು. ಒಂದು ರೆಸಿಸ್ಟರ್ ಮೂಲಕ 5 ವೋಲ್ಟಿಗೆ ಕಟ್ಟಿದೆ, ಸರಿಹೋಯಿತು.

ಆದೇಶಗಳ ಬಗ್ಗೆ ಹೇಳುವುದಾದರೆ 6502 ಚಿಕ್ಕ ಸಂಸಾರ. 'ಎ', 'ಎಕ್ಸ್', 'ವೈ' ಅಂತ ಮೂರೇ ರಿಜಿಸ್ಟರ್, 56 ಬಗೆಯ ಆದೇಶ. ರಿಜಿಸ್ಟರ್ ಕಡಿಮೆ ಇರುವುದರಿಂದ ಮೆಮೊರಿಯ ಮೊದಲ 256 ಬೈಟ್‌ಗಳನ್ನು ರಿಜಿಸ್ಟರ್ ತರಹವೇ ಬಳಸುತ್ತದೆ. ಹೊಸಬರು ಎಡವುವ ಜಾಗ ಕ್ಯಾರಿ, ಅಂದರೆ ಕೂಡುವಾಗ ಮಿಕ್ಕಿ ಮುಂದಿನ ಸ್ಥಾನಕ್ಕೆ ಹೋಗುವ ಒಂದು. ಇಲ್ಲಿ ಕ್ಯಾರಿ ಬಿಟ್ಟು ಕೂಡಿಸುವ ಆದೇಶವೇ ಇಲ್ಲ. ಕೂಡುವ ಮುಂಚೆ ಕ್ಯಾರಿ ಅಳಿಸಬೇಕು, ಕಳೆಯುವ ಮುಂಚೆ ಕ್ಯಾರಿ ಹಾಕಬೇಕು. 8085ರಿಂದ ಬಂದವರಿಗೆ ಎರಡನೆಯದು ಪೂರ್ತಿ ಉಲ್ಟಾ ಅನ್ನಿಸುತ್ತದೆ.

ಈ ದಾರಿಯಲ್ಲಿ ಸುಸ್ತು ಮಾಡುವುದು ಇಇಪ್ರೋಮ್. ಒಂದು ಅಕ್ಷರ ತಿದ್ದಿದರೂ ಚಿಪ್ ಕಿತ್ತು ಪ್ರೋಗ್ರಾಮರ್‌ಗೆ ಹಾಕಿ ಮತ್ತೆ ತರಬೇಕು. ದಿನಕ್ಕೆ ಇಪ್ಪತ್ತು ಸಲ ಮಾಡಿದರೆ ಚಿಪ್ಪಿನ ಕಾಲು ಮುರಿಯುವುದು ಖಂಡಿತ. ಬಲ ಹಾಕದೆ ಚಿಪ್ ತೆಗೆದು ಹಾಕಲು ಬರುವ, ಸನ್ನೆಗೋಲಿನ ಝಿಫ್ ಸಾಕೆಟ್ ಹಾಕಿಕೊಳ್ಳಿ. ಪ್ರೋಗ್ರಾಮರ್ ಯಂತ್ರಕ್ಕೆ ಬೇರೆ ದುಡ್ಡು ಬೇಕು ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿ. ತುಂಬಾ ಜನ ಇದನ್ನು ಮರೆತು ಕಿಟ್ ಬಂದ ಮೇಲೆ ಪೇಚಾಡುತ್ತಾರೆ.

ವೈರ್ ಬೇಡ, ಆದರೆ 6502 ಬೇಕು ಅನ್ನುವವರಿಗೆ ಕಿಮ್-1 ನಕಲುಗಳಿವೆ. 1976ರ ಕಿಮ್-1 ಬೋರ್ಡಿಗೆ ಆಗ 245 ಡಾಲರ್ ಬೆಲೆ. ಆರು ಅಂಕೆ, ಹೆಕ್ಸ್ ಕೀಪ್ಯಾಡ್, ನೋಡಿದರೆ ನಮ್ಮ 8085 ಕಿಟ್ಟಿನ ಅಣ್ಣನ ಹಾಗಿದೆ. ಪಾಲ್-1 ಅನ್ನುವುದು ಅದರ ಈಗಿನ ರೂಪ. ಬೆಸುಗೆ ಹಾಕಲು ಬಂದರೆ ಸಾಕು.

ಝಡ್80: ಕೇಬಲ್ ದಾರಿ

ಇಂಟೆಲ್‌ನಲ್ಲಿ 8085ರ ಹಿಂದಿನ ಚಿಪ್ ಆದ 8080 ರೂಪಿಸಿದ ಫೆಡೆರಿಕೊ ಫ್ಯಾಜಿನ್ ಹೊರಬಂದು ಝೈಲಾಗ್ ಕಂಪನಿ ಕಟ್ಟಿ 1976ರಲ್ಲಿ ತಂದದ್ದು ಝಡ್80. ಹಾಗಾಗಿ 8080ರ ಒಪ್‌ಕೋಡ್‌ಗಳೆಲ್ಲ ಇಲ್ಲೂ ಇವೆ. ಮೇಲಿನ 3ಇ 08 ಇಲ್ಲೂ ಅದೇ ಕೆಲಸ ಮಾಡುತ್ತದೆ, ಆದೇಶದ ಹೆಸರು ಮಾತ್ರ ಬೇರೆ. 8085ರ ಪಾಠ ಇಲ್ಲಿ ವ್ಯರ್ಥ ಆಗುವುದಿಲ್ಲ. ಒಂದು ಎಚ್ಚರ: 8085ಗೆ ಮಾತ್ರ ಸೇರಿದ 20, 30 ಅನ್ನುವ ಎರಡು ಒಪ್‌ಕೋಡ್‌ಗಳು ಝಡ್80ರಲ್ಲಿ ಜಿಗಿತದ ಆದೇಶಗಳು.

ಬ್ರಿಟನ್‌ನ ಸ್ಪೆನ್ಸರ್ ಓವನ್ ರೂಪಿಸಿದ ಆರ್‌ಸಿ2014 ಇದರ ಹೆಸರುವಾಸಿ ಬೋರ್ಡ್. ಪ್ರೊಸೆಸರಿಗೆ ಒಂದು ಹಲಗೆ, ಮೆಮೊರಿಗೆ ಒಂದು, ಲ್ಯಾಪ್‌ಟಾಪ್ ಜೊತೆ ಮಾತಾಡುವ ಸೀರಿಯಲ್‌ಗೆ ಒಂದು, ಎಲ್ಲವನ್ನೂ ಒಂದು ತಾಯಿ ಹಲಗೆಗೆ ಸಿಕ್ಕಿಸುವುದು. ಗಡಿಯಾರ 7.3728 ಮೆಗಾಹರ್ಟ್ಸ್. ಇದೇನು ವಿಚಿತ್ರ ಸಂಖ್ಯೆ ಅಂತ ನನಗೂ ಅನ್ನಿಸಿತ್ತು. 64ರಿಂದ ಭಾಗಿಸಿ ನೋಡಿ, ಸರಿಯಾಗಿ 1,15,200 ಬರುತ್ತದೆ. ಸೀರಿಯಲ್ ಕೇಬಲ್ಲಿನ ವೇಗ ಅದು, ಸೆಕೆಂಡಿಗೆ ಅಷ್ಟು ಬಿಟ್. ಒಂದೇ ಹರಳಿನಲ್ಲಿ ಎರಡೂ ಕೆಲಸ.

ಕೇಬಲ್ ದಾರಿ ಸುಖ. ಲ್ಯಾಪ್‌ಟಾಪ್‌ನಲ್ಲಿ ಬರೆದು, ಅಸೆಂಬ್ಲರ್‌ಗೆ ಕೊಟ್ಟು, ಬಂದದ್ದನ್ನು ಟರ್ಮಿನಲ್‌ನಲ್ಲಿ ಅಂಟಿಸಿದರೆ ಓಡುತ್ತದೆ. ದೊಡ್ಡ ಪ್ರೋಗ್ರಾಮ್, ಆಟ, ಸಿಪಿ/ಎಂ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಂ ತನಕ ಹೋಗಬಹುದು. ಚಿಪ್ ಕೂಡ ಧಾರಾಳಿ. ಮೆಮೊರಿಯ ಒಂದು ತುಂಡನ್ನು ಇನ್ನೊಂದು ಕಡೆಗೆ ನಕಲು ಮಾಡಬೇಕು ಅನ್ನಿ. ಝಡ್80ರಲ್ಲಿ ಮೂರು ರಿಜಿಸ್ಟರ್ ಜೋಡಿ ತುಂಬಿ 'ಎಲ್‌ಡಿಐಆರ್' ಅಂದರೆ ಆಯಿತು. 8085ರಲ್ಲಿ ಅದೇ ಸುತ್ತಿಗೆ ಎಂಟು ಆದೇಶ ಬೇಕು, ಅದರಲ್ಲಿ ಎರಡು ಬರೀ ಎಣಿಕೆ ಸೊನ್ನೆಯಾಯಿತಾ ಅಂತ ನೋಡಲು, ಯಾಕಂದರೆ ಎಣಿಕೆಯಲ್ಲಿ ಒಂದು ಕಳೆಯುವ 'ಡಿಸಿಎಕ್ಸ್' ಆದೇಶ, ಉತ್ತರ ಸೊನ್ನೆ ಅಂತ ಹೇಳುವ ಫ್ಲ್ಯಾಗನ್ನು (ಗುರುತಿನ ಬಿಟ್) ಮುಟ್ಟುವುದೇ ಇಲ್ಲ.

ಆದರೆ ನಾನು ಮೊದಲ ಬೋರ್ಡ್ ಆಗಿ ಇದನ್ನು ಹೇಳುವುದಿಲ್ಲ. ಆ ಎಂಟು ಆದೇಶಗಳನ್ನು ಒಮ್ಮೆ ಕೈಯಾರೆ ಬರೆದವರಿಗೆ ಮಾತ್ರ ಎಲ್‌ಡಿಐಆರ್ ಏನು ಉಳಿಸಿತು ಅಂತ ಗೊತ್ತಾಗುತ್ತದೆ. ಜೊತೆಗೆ ಇನ್ನೊಂದು ವಿಷಯ. 40 ಪಿನ್ನಿನ ಝಡ್80 ಚಿಪ್‌ಗೆ ಝೈಲಾಗ್ 2024ರ ಜೂನ್‌ನಲ್ಲಿ ಕೊನೆಯ ಆರ್ಡರ್ ತೆಗೆದುಕೊಂಡಿತು. ಬೇಕಾದವರು ಒಂದೆರಡು ಎತ್ತಿಟ್ಟುಕೊಳ್ಳುವುದು ಒಳ್ಳೇದು.

1802: ಸ್ವಿಚ್ ದಾರಿ

ಇದು ನಮ್ಮಲ್ಲಿ ಕೇಳಿದವರೇ ಕಡಿಮೆ. ಆರ್‌ಸಿಎ ಕಂಪನಿಯ ಜೋಸೆಫ್ ವೈಸ್‌ಬೆಕರ್ 1976ರ ಆಗಸ್ಟ್‌ನಲ್ಲಿ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ 'ಎಲ್ಫ್' ಅನ್ನುವ ಮನೆಯಲ್ಲೇ ಕಟ್ಟುವ ಕಂಪ್ಯೂಟರ್ ಕೊಟ್ಟರು. 256 ಬೈಟ್ ಮೆಮೊರಿ, ಬೈಟ್ ಹಾಕಲು ಎಂಟು ಸ್ವಿಚ್, ಒಂದು ಬಟನ್. ಮೊದಲೇ ಪ್ರೋಗ್ರಾಮ್ ತುಂಬಿಟ್ಟ ರೋಮ್ ಇಲ್ಲವೇ ಇಲ್ಲ. ಚಿಪ್ಪಿನಲ್ಲೇ 'ಲೋಡ್' ಸ್ಥಿತಿ ಇದೆ. ಸ್ವಿಚ್ ಹಾಕಿ ಬಟನ್ ಒತ್ತಿದರೆ ಬೈಟ್ ನೇರ ಮೆಮೊರಿಗೆ ಹೋಗಿ ಕೂರುತ್ತದೆ. ಈಗ ಮೆಂಬರ್‌ಶಿಪ್ ಕಾರ್ಡ್ ಅನ್ನುವ ಕಿಟ್ ಸಿಗುತ್ತದೆ, ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹಿಡಿಸುತ್ತದೆ. 1989ರಲ್ಲಿ ಗುರುಗ್ರಹದತ್ತ ಹೊರಟ ಗೆಲಿಲಿಯೋ ನೌಕೆಯಲ್ಲೂ ಇದೇ ಚಿಪ್ ಇತ್ತು.

ಮೊದಲ ಪ್ರೋಗ್ರಾಮ್ ಮೂರೇ ಬೈಟ್: 01111011, 00110000, 00000000. ಮೊದಲನೆಯದು 'ಕ್ಯು' ಪಿನ್ನಿನ ದೀಪ ಹಚ್ಚು, ಉಳಿದೆರಡು ಸೊನ್ನೆಗೆ ವಾಪಸ್ ಹೋಗು. ದೀಪ ಹತ್ತುತ್ತದೆ. ಅಷ್ಟೇ. ಆದರೆ ನಿಮ್ಮ ಬೆರಳಿಗೂ ಆ ದೀಪಕ್ಕೂ ನಡುವೆ ಬೇರೆ ಯಾರ ಪ್ರೋಗ್ರಾಮೂ ಇಲ್ಲ. ಈ ಮಾತನ್ನು ಉಳಿದ ಮೂರರ ಬಗ್ಗೆ ಹೇಳಲಾಗದು.

ಎರಡು ವಾರದ ಮೇಲೆ ಇದು ಕಷ್ಟ. ಸಬ್‌ರೂಟೀನ್ (ಪದೇ ಪದೇ ಬಳಸುವ ಪ್ರೋಗ್ರಾಮಿನ ತುಂಡು) ಕರೆಯುವ ಆದೇಶ ಇಲ್ಲ. ಹದಿನಾರು ರಿಜಿಸ್ಟರ್‌ಗಳಲ್ಲಿ ಯಾವುದು ಪ್ರೋಗ್ರಾಮ್ ಕೌಂಟರ್ ಅಂತ ನೀವೇ ಬದಲಾಯಿಸಿ ದಾರಿ ಮಾಡಿಕೊಳ್ಳಬೇಕು. ಇಲ್ಲಿ ಕಲಿತದ್ದು ಬೇರೆ ಚಿಪ್ಪಿಗೆ ನೇರ ಒಯ್ಯಲು ಆಗುವುದೂ ಕಡಿಮೆ.

ವೇಗ ನೋಡಿ ಆರಿಸಬೇಡಿ

ಮೆಗಾಹರ್ಟ್ಸ್ ನೋಡಿ ಮೋಸ ಹೋಗುವುದು ಸುಲಭ. 'ಒಂದು ಕಳೆ, ಸೊನ್ನೆ ಅಲ್ಲದಿದ್ದರೆ ಹಿಂದೆ ಹೋಗು' ಅನ್ನುವ ಅತಿ ಚಿಕ್ಕ ಸುತ್ತನ್ನು ತಗೊಳ್ಳಿ. 3 ಮೆಗಾಹರ್ಟ್ಸ್‌ನ 8085ರಲ್ಲಿ ಒಂದು ಸುತ್ತಿಗೆ 14 ಟಿಕ್ (ಗಡಿಯಾರದ ಬಡಿತ), ಅಂದರೆ ಸುಮಾರು 4.7 ಮೈಕ್ರೋಸೆಕೆಂಡ್. ಬರೀ 1 ಮೆಗಾಹರ್ಟ್ಸ್‌ನ 6502ರಲ್ಲಿ 5 ಟಿಕ್, 5 ಮೈಕ್ರೋಸೆಕೆಂಡ್. ಹತ್ತಿರ ಹತ್ತಿರ ಒಂದೇ, ಅಲ್ವಾ? ಆರ್‌ಸಿ2014ರ ಝಡ್80ರಲ್ಲಿ 'ಡಿಜೆಎನ್‌ಝಡ್' ಒಂದೇ ಆದೇಶಕ್ಕೆ 13 ಟಿಕ್, ಸುಮಾರು 1.8 ಮೈಕ್ರೋಸೆಕೆಂಡ್. 1802 ನಿಧಾನಿ. 1.8 ಮೆಗಾಹರ್ಟ್ಸ್‌ನಲ್ಲಿ 32 ಟಿಕ್, ಸುಮಾರು 18 ಮೈಕ್ರೋಸೆಕೆಂಡ್. ಎಲ್‌ಇಡಿ ಮಿನುಗಿಸಲು ಬೇಕಾಗುವ ವಿಳಂಬಕ್ಕೆ ಇವೆಲ್ಲ ವಿಪರೀತ ಜಾಸ್ತಿ ವೇಗವೇ. ಈ ಲೆಕ್ಕವನ್ನು ನೀವೇ ಕಾಗದದ ಮೇಲೆ ಹಾಕಿ, ಬೋರ್ಡಿನಲ್ಲಿ ಓಡಿಸಿ, ಗಡಿಯಾರ ಹಿಡಿದು ಹೊಂದಿಸಿ ನೋಡುವುದು ಒಳ್ಳೆ ಅಭ್ಯಾಸ.

ಹಾಗಾದರೆ ಯಾವುದು?

ಕಾಲೇಜಿನಲ್ಲಿ ಮೈಕ್ರೋಪ್ರೊಸೆಸರ್ ಪಾಠ ಇದ್ದರೆ ಯೋಚನೆಯೇ ಬೇಡ, 8085. ಪುಸ್ತಕ ಸಿಗುತ್ತದೆ, ಕೇಳಲು ಸೀನಿಯರ್ ಇರುತ್ತಾರೆ, ಕಿಟ್ ಇಲ್ಲೇ ಸಿಗುತ್ತದೆ. ಲ್ಯಾಬ್‌ಗಳಿಂದ ಹೊರಬಿದ್ದ ಹಳೆಯ ಕಿಟ್ ಸಿಕ್ಕರೆ ಇನ್ನೂ ಒಳ್ಳೇದು. ಕೀಪ್ಯಾಡಿನ ಎಲ್ಲ ಕೀಲಿ ಒತ್ತಿ ನೋಡಿ, ಮ್ಯಾನ್ಯುಯಲ್ ಇದೆಯಾ ಅಂತ ಕೇಳಿ. ಕಿಟ್‌ನಿಂದ ಕಿಟ್‌ಗೆ ರ‍್ಯಾಮ್ ಶುರುವಾಗುವ ವಿಳಾಸ ಬೇರೆ ಇರುತ್ತದೆ, ಮ್ಯಾನ್ಯುಯಲ್ ಇಲ್ಲದಿದ್ದರೆ ಅದನ್ನು ಹುಡುಕುವುದೇ ಒಂದು ಕೆಲಸ.

ನೀವು ಈಗಾಗಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಪೈಥಾನ್ ಅಥವಾ ಜಾವಾ ದಿನವೂ ಬರೆಯುತ್ತಾ, ಕೆಳಗೆ ನಿಜಕ್ಕೂ ಏನಾಗುತ್ತಿದೆ ಅಂತ ತಿಳಿಯಬೇಕು ಅನ್ನುವವರಾದರೆ 6502 ಬ್ರೆಡ್‌ಬೋರ್ಡ್. ಐದಾರು ಶನಿವಾರ ಬೇಕು. ಈ ನಾಲ್ಕರಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಹತ್ತು ಹನ್ನೆರಡು ವರ್ಷದ ಮಗುವಿನ ಜೊತೆ ಕೂತು ಮಾಡುವುದಾದರೆ 1802. ಸ್ವಿಚ್ಚು, ದೀಪ, ಒಂದು, ಸೊನ್ನೆ, ಇವು ಮಕ್ಕಳಿಗೆ ತಕ್ಷಣ ಅರ್ಥವಾಗುತ್ತವೆ. ಝಡ್80 ಎರಡನೇ ಬೋರ್ಡ್ ಆಗಿ, 8085 ಕಲಿತವರು ದೊಡ್ಡದೇನಾದರೂ ಕಟ್ಟಲು ಹೊರಟಾಗ.

8086 ಕಿಟ್ ಬಗ್ಗೆ ಕೇಳುವವರಿಗೆ: ಸಿಲಬಸ್‌ನಲ್ಲಿದ್ದರೆ ಮಾಡಿ, ಹವ್ಯಾಸಕ್ಕೆ ಮೊದಲ ಬೋರ್ಡ್ ಆಗಿ ಬೇಡ. ವಿಳಾಸವನ್ನು ಎರಡು ಭಾಗ ಮಾಡಿ ಹೇಳುವ ಸೆಗ್ಮೆಂಟ್ ಲೆಕ್ಕದಲ್ಲೇ ಉತ್ಸಾಹ ಕರಗುತ್ತದೆ. 8080 ಚಿಪ್ಪಿನ ಹಳೇ ಕಂಪ್ಯೂಟರ್ ಆಲ್ಟೇರ್ 8800ರ ಅಂದದ ನಕಲುಗಳೂ ಇವೆ. ಕೆಲವುದರ ಒಳಗೆ ಆರ್ಡುಯಿನೋ ಅನ್ನುವ ಈಗಿನ ಪುಟ್ಟ ಬೋರ್ಡ್ ಕೂತು 8080ರ ಹಾಗೆ ನಟಿಸುತ್ತದೆ. ಆದೇಶ ಕಲಿಯಲು ಅದೂ ಸಾಕು, ಚಿಪ್ಪಿನ ಕಾಲಿಗೆ ಎಲ್‌ಇಡಿ ಹಾಕಿ ನೋಡುವ ಭಾಗ್ಯ ಇರುವುದಿಲ್ಲ ಅಷ್ಟೇ. ದುಡ್ಡು ಹಾಕುವ ಮುಂಚೆ ಒಂದು ವಾರ ಸಿಮ್ಯುಲೇಟರ್‌ನಲ್ಲಿ ಆಡಿ. 8085ಗೂ 6502ಗೂ ಪುಕ್ಕಟೆ ಸಿಗುತ್ತವೆ.

ಖರ್ಚಿನ ಮಾತು. ಹೊರದೇಶದಿಂದ ತರಿಸುವ ಕಿಟ್‌ಗೆ ಕೊರಿಯರ್, ಕಸ್ಟಮ್ಸ್ ಸೇರಿಸಿ ನೋಡಿ, ಕಿಟ್ಟಿನ ಬೆಲೆಗೆ ಗಣನೀಯವಾಗಿ ಕೂಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿದ್ದರೆ ಬ್ರೆಡ್‌ಬೋರ್ಡ್, ವೈರ್, ರೆಸಿಸ್ಟರ್, 74 ಸರಣಿಯ ಚಿಪ್‌ಗಳಿಗೆ ಎಸ್.ಪಿ. ರೋಡ್ ಒಂದು ಸುತ್ತು ಹಾಕಿ. ಬ್ರೆಡ್‌ಬೋರ್ಡ್ ಮಾತ್ರ ಅಗ್ಗದ್ದು ಬೇಡ. ಒಳಗಿನ ಕ್ಲಿಪ್ ಸಡಿಲವಾದರೆ ತಪ್ಪು ಪ್ರೋಗ್ರಾಮಿನಲ್ಲಿದೆಯಾ ವೈರಿನಲ್ಲಿದೆಯಾ ಅಂತ ತಿಳಿಯದೆ ಹೊಸಬರು ಕೈಬಿಡುವುದು ಇಲ್ಲೇ. ಪ್ರೊಸೆಸರನ್ನು ನಂಬಿಕೆಯ ವಿತರಕರಿಂದಲೇ ಕೊಳ್ಳಿ. ಹಳೇ ಚಿಪ್ಪಿನ ತಲೆ ಉಜ್ಜಿ ಹೊಸ ಹೆಸರು ಅಚ್ಚು ಹಾಕಿ ಮಾರುವುದು ಸಾಮಾನ್ಯ.

ಕೊನೆಗೆ, ಚಿಪ್ ಸಾಕೆಟ್‌ಗೆ ಕೂರಿಸುವ ಮುಂಚೆ ಒಂದು ಕೆಲಸ. ನಾಲ್ಕೂ 40 ಪಿನ್ನಿನ ಚಿಪ್‌ಗಳೇ, ನೋಡಲು ಒಂದೇ ಥರ. ಪವರ್ ಬರುವ ಪಿನ್ ಮಾತ್ರ ಬೇರೆ ಬೇರೆ. 8085, 1802 ಎರಡಕ್ಕೂ 40ರಲ್ಲಿ ಪ್ಲಸ್, 20ರಲ್ಲಿ ಗ್ರೌಂಡ್. ಝಡ್80ಗೆ 11 ಮತ್ತು 29. 6502ಗೆ 8 ಮತ್ತು 21. ಹಳೆಯ 6502 ನಕ್ಷೆಗಳಲ್ಲಿ 1ನೇ ಪಿನ್ನನ್ನೂ ಗ್ರೌಂಡ್‌ಗೆ ಕಟ್ಟಿರುತ್ತಾರೆ. ಈಗಿನ ಸಿಮಾಸ್ ಚಿಪ್ಪಿನಲ್ಲಿ ಆ ಪಿನ್ ಒಂದು ಔಟ್‌ಪುಟ್, ಅದನ್ನು ಗ್ರೌಂಡ್‌ಗೆ ಕಟ್ಟಬಾರದು. ಖಾಲಿ ಸಾಕೆಟ್‌ಗೆ ಪವರ್ ಕೊಟ್ಟು ಮಲ್ಟಿಮೀಟರ್ ಹಿಡಿಯಿರಿ. ಸರಿಯಾದ ಎರಡು ಪಿನ್‌ಗಳ ನಡುವೆ 5 ವೋಲ್ಟ್ ಬಂದರೆ ಪವರ್ ಆರಿಸಿ, ಆಮೇಲೆ ಚಿಪ್ ಕೂರಿಸಿ.